ಬಸುರಿನಲ್ಲಿ ಸೈಟೊಕೈನ್: ರಿಪೋರ್ಟಿನ ಕೆಂಪು ಬಾಣಕ್ಕೆ ಎಷ್ಟು ಬೆಲೆ ಕೊಡಬೇಕು?

ಹೊಳೆಸಾಲು (ಕುಮಟಾ)

ಎರಡು-ಮೂರು ಸಲ ಗರ್ಭ ನಿಲ್ಲದವರು ಈಗೀಗ ಒಂದೇ ನಮೂನೆಯ ಫೈಲು ಹಿಡಿದು ಬರುತ್ತಿದ್ದಾರೆ. ಟಾರ್ಚ್ ಪ್ಯಾನೆಲ್ (ರುಬೆಲ್ಲಾದಂಥ ಸೋಂಕುಗಳ ರಕ್ತಪರೀಕ್ಷೆ), ಎನ್‌ಕೆ ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣ) ಶೇಕಡಾವಾರು, ಟಿಎಚ್1–ಟಿಎಚ್2 ಎಂಬ ಎರಡು ಬಗೆಯ ರೋಗನಿರೋಧಕ ಕೋಶಗಳ ಅನುಪಾತ. ಕಡೆಯ ಹಾಳೆಯಲ್ಲಿ ಐಎಲ್-6, ಟಿಎನ್‌ಎಫ್-ಆಲ್ಫಾ ಎಂಬ ಸೈಟೊಕೈನ್ ಅಣುಗಳು, ಪಕ್ಕಕ್ಕೊಂದು ಕೆಂಪು ಬಾಣ. ಆ ಬಾಣ ನೋಡಿಯೇ ಅರ್ಧ ಜೀವ ಹೋಗಿರುತ್ತದೆ. ಮನೆಯ ಹಿರಿಯರು ಅದನ್ನು "ಮೈಯಲ್ಲಿ ನಂಜು ಏರಿದೆ" ಎಂದು ಓದಿಕೊಂಡು ಬಂಗುಡೆ, ಬದನೆ, ಹಲಸು ಎಲ್ಲ ಬಂದ್ ಮಾಡಿಸುತ್ತಾರೆ.

ಈ ಅಣುಗಳು ಬಸುರಿನಲ್ಲಿ ನಿಜಕ್ಕೂ ಏನು ಮಾಡುತ್ತವೆ, ರಕ್ತದಲ್ಲಿ ಅಳೆದರೆ ಚಿಕಿತ್ಸೆ ಬದಲಾಗುತ್ತದೋ ಇಲ್ಲವೋ, ಊರಿನ ಮಟ್ಟದಲ್ಲಿ ನಾವು ಯಾವುದರ ಮೇಲೆ ಕಣ್ಣಿಡಬೇಕು? ಗೊತ್ತಿದ್ದವರು ಬಿಡಿಸಿ ಬರೆಯಿರಿ. "ವೈದ್ಯರನ್ನು ಕೇಳಿ" ಎಂಬ ಒಂದು ಸಾಲಿನ ಉತ್ತರ ದಯವಿಟ್ಟು ಬೇಡ.

ಮಾಸು_ಪಾಠ (ಕಾರವಾರ)

ಅಕ್ಕ, ಮೊದಲು ಮೂಲ ಹೇಳಿಬಿಡುತ್ತೇನೆ, ಉಳಿದದ್ದು ಅದರ ಮೇಲೆ ನಿಲ್ಲುತ್ತದೆ.

ಸೈಟೊಕೈನ್ ಅಂದರೆ ಕೋಶಗಳು ಒಂದಕ್ಕೊಂದು ಕಳಿಸುವ ಚೀಟಿ. ಹೆಚ್ಚಿನ ಚೀಟಿಗಳು ಪಕ್ಕದ ಮನೆಗೆ ಮಾತ್ರ. ಗರ್ಭಚೀಲದ ಒಳಪದರದಲ್ಲಿ ಬರೆದದ್ದು ಅಲ್ಲಿಯೇ ಓದಿ ಮುಗಿಯುತ್ತದೆ, ಮೊಣಕೈ ನರದ ರಕ್ತದಲ್ಲಿ ಅದರ ಸುಳಿವು ಸಿಗಬೇಕೆಂದೇನೂ ಇಲ್ಲ. ಈ ಚರ್ಚೆಯ ಅರ್ಧ ಗೊಂದಲಕ್ಕೆ ಕಾರಣ ಇದೇ.

ಎರಡನೆಯ ಗೊಂದಲ ಹಳೆಯದು. ಅರ್ಧ ಅಪ್ಪನ ಗುಣವಿರುವ ಮಗುವನ್ನು ತಾಯಿಯ ದೇಹ ಏಕೆ ಹೊರದಬ್ಬುವುದಿಲ್ಲ ಎಂಬ ಪ್ರಶ್ನೆಯನ್ನು ವಿಜ್ಞಾನಿ ಮೆಡಾವರ್ 1953ರಲ್ಲಿ ಎತ್ತಿದರು. 1993ರಲ್ಲಿ ವೆಗ್ಮನ್ ಮತ್ತು ಸಂಗಡಿಗರು, ಬಸುರೆಂದರೆ ಟಿಎಚ್2 ಬದಿಗೆ ವಾಲಿದ ಸ್ಥಿತಿ, ಟಿಎಚ್1 ಬದಿಯ ಟಿಎನ್‌ಎಫ್, ಇಂಟರ್‌ಫೆರಾನ್-ಗ್ಯಾಮಾ ಹೆಚ್ಚಾದರೆ ಗರ್ಭ ಬೀಳುತ್ತದೆ ಎಂಬ ಚಿತ್ರ ಕೊಟ್ಟರು. ಚಿತ್ರ ಚೆಂದ, ಪರೀಕ್ಷೆಯಲ್ಲಿ ಬರೆಯಲೂ ಸುಲಭ. ಆದರೆ ಆಮೇಲೆ ಟಿಎಚ್2 ಬದಿಯ ಐಎಲ್-4, 5, 9, 13 ನಾಲ್ಕೂ ಇಲ್ಲದ ಇಲಿಗಳನ್ನು ಮಾಡಿದಾಗ ಅವು ಆರಾಮವಾಗಿ ಮರಿ ಹಾಕಿದವು. ನಿಮ್ಮ ಫೈಲಿನಲ್ಲಿರುವ "ಅನುಪಾತ" ಈ 1993ರ ಚಿತ್ರದ ಪಳೆಯುಳಿಕೆ.

ಈಗ ಒಪ್ಪಿರುವ ಲೆಕ್ಕ ಮೂರು ಹಂತದ್ದು. ಭ್ರೂಣ ಗರ್ಭಚೀಲದ ಗೋಡೆಗೆ ಕಚ್ಚಿಕೊಳ್ಳುವಾಗ ಬೇಕಾದದ್ದು ಉರಿಯೂತವೇ. ಒಂದು ಸಣ್ಣ ಗಾಯ ಮಾಯುವಾಗಿನಂತೆ ಐಎಲ್-6, ಐಎಲ್-8, ಟಿಎನ್‌ಎಫ್ ಎಲ್ಲ ಅಲ್ಲಿ ಇರುತ್ತವೆ. ಎಲ್‌ಐಎಫ್ ಎಂಬ ಸೈಟೊಕೈನ್ ಇಲ್ಲದ ಹೆಣ್ಣಿಲಿಯಲ್ಲಿ ಭ್ರೂಣ ಕಚ್ಚಿಕೊಳ್ಳುವುದೇ ಇಲ್ಲ. ನಡುವಿನ ತಿಂಗಳುಗಳಲ್ಲಿ ಐಎಲ್-10, ಟಿಜಿಎಫ್-ಬೀಟಾ, ಟಿ-ರೆಗ್ ಕೋಶಗಳ ಕೈ ಮೇಲಾಗಿ ಗಲಾಟೆ ತಣ್ಣಗಾಗುತ್ತದೆ. ದಿನ ತುಂಬಿದ ಮೇಲೆ ಮತ್ತೆ ಉರಿಯೂತ: ಐಎಲ್-1-ಬೀಟಾ, ಐಎಲ್-6, ಐಎಲ್-8 ಏರುತ್ತವೆ, ಪ್ರೊಸ್ಟಾಗ್ಲ್ಯಾಂಡಿನ್ ಹುಟ್ಟುತ್ತದೆ, ಗರ್ಭಕಂಠ ಮೆತ್ತಗಾಗುತ್ತದೆ, ನೋವು ಶುರು. ಅಂದರೆ ಟಿಎನ್‌ಎಫ್ ಒಳ್ಳೆಯದೋ ಕೆಟ್ಟದೋ ಎಂದು ಕೇಳುವುದೇ ತಪ್ಪು. ಎಷ್ಟನೇ ವಾರ, ಯಾವ ಜಾಗ ಎಂದು ಕೇಳಬೇಕು.

ಎನ್‌ಕೆ ಕೋಶದ್ದು ಹೆಸರಿನಿಂದಲೇ ಬಂದ ಸಂಕಟ. "ನ್ಯಾಚುರಲ್ ಕಿಲ್ಲರ್" ಅಂದ ಕೂಡಲೇ ಮಗುವನ್ನು ಕೊಲ್ಲುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಮೊದಲ ಮೂರು ತಿಂಗಳಲ್ಲಿ ಗರ್ಭಚೀಲದ ಒಳಪದರದಲ್ಲಿರುವ ಬಿಳಿ ರಕ್ತಕಣಗಳಲ್ಲಿ ಸುಮಾರು ನೂರಕ್ಕೆ 70 ಇವೇ. ಅಲ್ಲಿ ಅವು ಕೊಲ್ಲುವುದಿಲ್ಲ. ಮಾಸಿನ (ಪ್ಲಾಸೆಂಟಾದ) ಕೋಶಗಳು ಎಚ್‌ಎಲ್‌ಎ-ಜಿ ಎಂಬ ಗುರುತು ತೋರಿಸುತ್ತವೆ, ಇವು ಇಂಟರ್‌ಫೆರಾನ್-ಗ್ಯಾಮಾ, ರಕ್ತನಾಳ ಬೆಳೆಸುವ ಅಣುಗಳನ್ನು ಬಿಟ್ಟು, ಗರ್ಭಚೀಲದ ಸುರುಳಿ ನಾಳಗಳು ಅಗಲವಾಗಲು ನೆರವಾಗುತ್ತವೆ. ತೋಟಕ್ಕೆ ನೀರು ಬಿಡುವ ಕಾಲುವೆಯ ಬಾಯಿ ಅಗಲ ಮಾಡಿದ ಹಾಗೆ: ಬಾಯಿ ಅಗಲವಾದರೆ ನೀರು ರಭಸವಿಲ್ಲದೆ, ಧಾರಾಳವಾಗಿ ಬರುತ್ತದೆ. ಕಿರಿದಾಗಿಯೇ ಉಳಿದರೆ ಚಿಮ್ಮಿ ಬಂದು ಮಾಸಿಗೆ ಪೆಟ್ಟು. ಬಿಪಿ ನಂಜಿನ, ಅಂದರೆ ಬಸುರಿನಲ್ಲಿ ಬಿಪಿ ಏರಿ ಅಪಾಯ ತರುವ ಕಾಯಿಲೆಯ, ಬೇರು ಇರುವುದು ಈ ಕಿರಿದಾದ ಬಾಯಲ್ಲಿ. ರಕ್ತದಲ್ಲಿ ತಿರುಗಾಡುವ ಎನ್‌ಕೆ ಕೋಶಗಳೇ ಬೇರೆ ಜಾತಿಯವು. ಅವನ್ನು ಎಣಿಸಿ ಗರ್ಭಚೀಲದ ಸುದ್ದಿ ಹೇಳಲಾಗದು.

ಘಟ್ಟದಮೇಲಿನ_ಲ್ಯಾಬ್ (ಶಿರಸಿ)

ಮಾಸ್ತರ್ರು ಹೇಳಿದ್ದು ಸಿದ್ಧಾಂತ. ಸಿದ್ಧಾಂತ ಸರಿಯಿದ್ದರೂ ಈ ಅಂಕಿ ಹಾಳಾಗಲು ನೂರು ದಾರಿ ಇದೆ, ಅದನ್ನು ಹೇಳುತ್ತೇನೆ.

ಐಎಲ್-6 ಅಳೆಯಬೇಕೆಂದರೆ ರಕ್ತ ತೆಗೆದ ಮೇಲೆ ಒಂದು ತಾಸಿನ ಒಳಗೆ ಸೆಂಟ್ರಿಫ್ಯೂಜ್ ಆಗಿ, ಪ್ಲಾಸ್ಮಾ ಬೇರೆ ಟ್ಯೂಬಿಗೆ ಹೋಗಬೇಕು. ಅವತ್ತೇ ಅಳೆಯದಿದ್ದರೆ ಮೈನಸ್ 80 ಡಿಗ್ರಿ. ಟ್ಯೂಬ್ ಹಾಗೇ ಬಿಟ್ಟರೆ ಅದರೊಳಗಿನ ಬಿಳಿ ರಕ್ತಕಣಗಳು ಇನ್ನೂ ಬದುಕಿರುತ್ತವೆ. ಗಾಜಿಗೋ ಪ್ಲಾಸ್ಟಿಕ್ಕಿಗೋ ತಾಗಿ ಕೆರಳಿ, ತಾವೇ ಐಎಲ್-8, ಐಎಲ್-1 ಬಿಡುತ್ತ ಕೂರುತ್ತವೆ. ಶಿರಸಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಹೋಗಿ, ಅಲ್ಲಿಂದ ಇನ್ನೊಂದು ನಗರಕ್ಕೆ ಕೊರಿಯರ್ ಆಗಿ ಹೋಗುವಷ್ಟರಲ್ಲಿ, ರಿಪೋರ್ಟಿನಲ್ಲಿ ಬರುವುದು ತಾಯಿಯ ಸೈಟೊಕೈನೋ ಟ್ಯೂಬಿನ ಸೈಟೊಕೈನೋ ದೇವರಿಗೇ ಗೊತ್ತು. ಒಮ್ಮೆ ಹೆಪ್ಪುಗಟ್ಟಿಸಿ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರಂತೂ ಮುಗಿಯಿತು.

ಇನ್ನು ಕಿಟ್. ಒಂದು ಕಂಪನಿಯ ಎಲೈಸಾ ಕಿಟ್‌ನ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕ ಇಟ್ಟು ಹೋಲಿಸಬಾರದು, ಪ್ರತಿಕಾಯ ಬೇರೆ, ಮಾನದಂಡ ಬೇರೆ. ಹಿಂದಿನ ತಿಂಗಳು ಒಂದು ಲ್ಯಾಬ್, ಈ ತಿಂಗಳು ಇನ್ನೊಂದು ಲ್ಯಾಬ್ ಮಾಡಿ "ಇಳಿದಿದೆ" ಎಂದರೆ ಅದಕ್ಕೆ ಅರ್ಥವಿಲ್ಲ. ಕೂದಲು ಉದುರುವುದಕ್ಕೆಂದು 5–10 ಮಿ.ಗ್ರಾಂ ಬಯೋಟಿನ್ ತಿನ್ನುವವರಲ್ಲಿ ಬಯೋಟಿನ್–ಸ್ಟ್ರೆಪ್ಟಾವಿಡಿನ್ ಮೇಲೆ ನಡೆಯುವ ಪರೀಕ್ಷೆಗಳು ಸುಳ್ಳು ಹೇಳಬಹುದು. ಇದನ್ನು ಕೇಳುವವರೇ ಇಲ್ಲ.

ಘಟಕವನ್ನೂ ನೋಡಿ. ಪಿಕೋಗ್ರಾಂ ಮತ್ತು ನ್ಯಾನೊಗ್ರಾಂ ನಡುವೆ ಸಾವಿರ ಪಟ್ಟು ಅಂತರ. ನೆತ್ತರಲ್ಲಿ ಕೆಲವೇ ಪಿಕೋಗ್ರಾಂ ಇರುವ ಐಎಲ್-6, ಸೋಂಕಾದ ಗರ್ಭಜಲದಲ್ಲಿ ನ್ಯಾನೊಗ್ರಾಂ ಲೆಕ್ಕದಲ್ಲಿ ಇರುತ್ತದೆ. ವಾಟ್ಸ್ಯಾಪ್‌ನಲ್ಲಿ ಓದಿದ "2.6 ದಾಟಿದರೆ ಅಪಾಯ" ಎಂಬುದನ್ನು ತಂದು ನೆತ್ತರಿನ ರಿಪೋರ್ಟಿಗೆ ಹಚ್ಚಿ ಕೂಡುವವರಿದ್ದಾರೆ. ಆ 2.6 ಗರ್ಭಜಲಕ್ಕೆ ಹೇಳಿದ್ದು, ಅದೂ ಪ್ರತಿ ಮಿ.ಲೀ.ಗೆ ನ್ಯಾನೊಗ್ರಾಂ.

ಇಎಸ್‌ಆರ್ ಬಗ್ಗೆಯೂ ಒಂದು ಮಾತು. ಇದು ಉರಿಯೂತದ ಸುಳಿವು ಕೊಡುವ ರಕ್ತಪರೀಕ್ಷೆ. ಬಸುರಿನಲ್ಲಿ ಫೈಬ್ರಿನೋಜನ್ ಎಂಬ ರಕ್ತದ ಪ್ರೋಟೀನ್ ಏರುವುದರಿಂದ ಇಎಸ್‌ಆರ್ ತಾನಾಗಿ ಏರುತ್ತದೆ. ಬಿಳಿ ರಕ್ತಕಣದ ಎಣಿಕೆಯೂ ಏರುತ್ತದೆ. ಅದನ್ನು ನೋಡಿ "ಸೋಂಕು" ಎಂದು ಆಂಟಿಬಯೋಟಿಕ್ ಬರೆಯಬಾರದು.

ಬೇಣ (ಹೊನ್ನಾವರ)

ನೀವಿಬ್ಬರೂ ಸೇರಿ ಎಲ್ಲ ಸುಳ್ಳು ಎಂದುಬಿಟ್ಟರೆ ಹೇಗೆ ಮಾರಾಯ್ರೆ? ಜಪಾನಿನಲ್ಲಿ 2022ರಲ್ಲಿ ಪ್ರಕಟವಾದ ಟ್ರಯಲ್ ಇದೆ. ನಾಲ್ಕು ಅಥವಾ ಹೆಚ್ಚು ಸಲ ಗರ್ಭಪಾತವಾಗಿ ಕಾರಣ ಸಿಗದ ಸುಮಾರು 100 ಹೆಂಗಸರಿಗೆ, ಬಸುರಾದ 4ರಿಂದ 6ನೇ ವಾರದಲ್ಲಿ ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಇಲ್ಲವೇ ಹುಸಿಮದ್ದು ಕೊಟ್ಟು ನೋಡಿದರು. ಪ್ರತಿ ಕಿಲೋ ತೂಕಕ್ಕೆ 400 ಮಿ.ಗ್ರಾಂ, ಐದು ದಿನ. ಜೀವಂತ ಮಗು ಆದದ್ದು ನೂರಕ್ಕೆ 58 ಜನರಿಗೆ, ಹುಸಿಮದ್ದಿನ ಗುಂಪಿನಲ್ಲಿ ಸುಮಾರು 35. ರೋಗನಿರೋಧಕ ದಾರಿಯಲ್ಲಿ ಏನೋ ಇದೆ ಎಂದಲ್ಲವೇ ಇದರ ಅರ್ಥ?

ಪ್ರಸೂತಿ_ಕಾರವಾರ

ಬೇಣ ಅವರೇ, ಆ ಟ್ರಯಲ್ ನಿಜ, ನೀವು ಕೊಟ್ಟ ಅಂಕಿಯೂ ಸರಿ. ಆದರೆ ನೋಡಿ: ಅದರಲ್ಲಿ ಇದ್ದವರು ನಾಲ್ಕು ಅಥವಾ ಹೆಚ್ಚು ಕಳೆದುಕೊಂಡವರು, ಒಂದೇ ಟ್ರಯಲ್, ಗುಂಪು ಸಣ್ಣದು. ನಮ್ಮಲ್ಲಿ ಅದನ್ನು ಬರೆಯುತ್ತಿರುವುದು ಎರಡು ಕಳೆದುಕೊಂಡವರಿಗೆ, ಎನ್‌ಕೆ ಅಂಕಿ ನೋಡಿ. ಅದಕ್ಕೆ ಆಧಾರವಿಲ್ಲ. 55 ಕಿಲೋ ತೂಕದವರಿಗೆ ಆ ಡೋಸ್ ದಿನಕ್ಕೆ 22 ಗ್ರಾಂ, ಐದು ದಿನಕ್ಕೆ 110 ಗ್ರಾಂ. ಅದರ ಬಿಲ್ಲಿಗೆ ತೋಟದ ಒಂದು ವರ್ಷದ ಅಡಿಕೆ ಹೋಗುತ್ತದೆ. ದೊಡ್ಡ ಟ್ರಯಲ್ ಬಂದು ಇದೇ ಫಲ ಕೊಟ್ಟರೆ ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ.

ಇಂಟ್ರಾಲಿಪಿಡ್ (ನರಕ್ಕೆ ಕೊಡುವ ಕೊಬ್ಬಿನ ದ್ರಾವಣ), ಪ್ರೆಡ್ನಿಸೊಲೋನ್ (ಸ್ಟೆರಾಯ್ಡ್), ಗಂಡನ ಬಿಳಿ ರಕ್ತಕಣದ ಚುಚ್ಚುಮದ್ದು, ಟಿಎನ್‌ಎಫ್ ತಡೆಮದ್ದು, ಇವು ಯಾವುದನ್ನೂ ಕಾರಣ ಸಿಗದ ಗರ್ಭಪಾತಕ್ಕೆ ವಾಡಿಕೆಯಾಗಿ ಕೊಡುವಂತಿಲ್ಲ. ಜಿ-ಸಿಎಸ್‌ಎಫ್ ಎಂಬ ಸೈಟೊಕೈನನ್ನೇ ಮದ್ದಾಗಿ ಕೊಟ್ಟು ನೋಡಿದ ಟ್ರಯಲ್ 2019ರಲ್ಲಿ ಬಂತು, ಪ್ರಯೋಜನ ಕಾಣಲಿಲ್ಲ.

ಎರಡು ಗರ್ಭಪಾತ ಆದವರಿಗೆ ದುಡ್ಡು ಎಲ್ಲಿ ಹಾಕಬೇಕು? ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಗರ್ಭಚೀಲದ ಆಕಾರ ನೋಡಲು ಒಳ್ಳೆಯ ಸ್ಕ್ಯಾನ್. ಬಿದ್ದ ಗರ್ಭದ ಅಂಗಾಂಶ ಸಿಕ್ಕರೆ ವರ್ಣತಂತು ಪರೀಕ್ಷೆ, ಏಕೆಂದರೆ ಮೊದಲ ಮೂರು ತಿಂಗಳ ಗರ್ಭಪಾತದಲ್ಲಿ ಅರ್ಧದಷ್ಟು ವರ್ಣತಂತು ದೋಷದವೇ. ಇವುಗಳ ಜೊತೆ, ರೋಗನಿರೋಧಕ ವ್ಯವಸ್ಥೆಯಿಂದ ಆಗುವ, ನಿಜಕ್ಕೂ ಮದ್ದಿರುವ ಒಂದೇ ಒಂದು ಕಾಯಿಲೆಯ ತಪಾಸಣೆ: ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಅಂದರೆ ದೇಹ ತಾನೇ ಮಾಡಿಕೊಂಡ ಪ್ರತಿಕಾಯಗಳಿಂದ ರಕ್ತ ಹೆಪ್ಪುಗಟ್ಟುವ, ಗರ್ಭ ಬೀಳುವ ಕಾಯಿಲೆ. ಮೂರು ಪರೀಕ್ಷೆ: ಲೂಪಸ್ ಆಂಟಿಕೊಯಾಗ್ಯುಲಂಟ್, ಆಂಟಿಕಾರ್ಡಿಯೊಲಿಪಿನ್, ಆಂಟಿ-ಬೀಟಾ2-ಗ್ಲೈಕೊಪ್ರೋಟೀನ್-1. ಗರ್ಭಪಾತ ಆಗಿ ಆರು ವಾರ ಬಿಟ್ಟು ಮಾಡಿಸಿ. ಪಾಸಿಟಿವ್ ಬಂದರೆ 12 ವಾರ ಕಳೆದು ಮತ್ತೊಮ್ಮೆ. ಒಂದು ಸಲದ ಪಾಸಿಟಿವ್ ನೋಡಿ ಹಣೆಪಟ್ಟಿ ಹಚ್ಚಬಾರದು, ಜ್ವರ ಬಂದು ಹೋದ ಮೇಲೆಯೂ ಕೆಲ ದಿನ ಈ ಪ್ರತಿಕಾಯ ಕಾಣಿಸಿಕೊಳ್ಳಬಹುದು.

ಖಚಿತವಾದರೆ ಕಡಿಮೆ ಡೋಸಿನ ಆಸ್ಪಿರಿನ್, ಬಸುರು ಗೊತ್ತಾದ ಕೂಡಲೇ ಅದರ ಜೊತೆ ಹೆಪಾರಿನ್. ಸಾಮಾನ್ಯವಾಗಿ ಎನಾಕ್ಸಪರಿನ್ 40 ಮಿ.ಗ್ರಾಂ ದಿನಕ್ಕೊಮ್ಮೆ, ಹೊಟ್ಟೆಯ ಚರ್ಮದಡಿ. ಡೋಸು ತೂಕ, ಹಿಂದೆ ರಕ್ತ ಹೆಪ್ಪುಗಟ್ಟಿತ್ತೋ ಇಲ್ಲವೋ ಎಂಬುದರ ಮೇಲೆ ಬದಲಾಗುತ್ತದೆ.

ಮಾಸು_ಪಾಠ (ಕಾರವಾರ)

ಮೇಡಂ ಹೇಳಿದ ಹೆಪಾರಿನ್‌ಗೆ ಒಂದು ಬಾಲ ಸೇರಿಸುತ್ತೇನೆ, ವಿಷಯಕ್ಕೆ ಸರಿಯಾಗಿ ಕೂರುತ್ತದೆ. ಇದು ರಕ್ತ ತೆಳ್ಳಗೆ ಮಾಡುವುದರಿಂದ ಕೆಲಸ ಮಾಡುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. 2004ರಲ್ಲಿ ಇಲಿಗಳ ಮೇಲೆ ನೋಡಿದಾಗ, ಹೆಪಾರಿನ್ ಕೊಟ್ಟವುಗಳಲ್ಲಿ ಗರ್ಭ ಉಳಿಯಿತು, ಅಷ್ಟೇ ರಕ್ತ ತೆಳ್ಳಗೆ ಮಾಡುವ ಹಿರುಡಿನ್, ಫೊಂಡಾಪರಿನಕ್ಸ್ ಕೊಟ್ಟವುಗಳಲ್ಲಿ ಉಳಿಯಲಿಲ್ಲ. ಹೆಪಾರಿನ್ ಕಾಂಪ್ಲಿಮೆಂಟ್ ಎಂಬ ಉರಿಯೂತದ ಸರಪಳಿಯನ್ನೂ ತಡೆಯುತ್ತದೆ, ವ್ಯತ್ಯಾಸ ಇರುವುದು ಅಲ್ಲಿ. ಅಂದರೆ ಈ ಕಾಯಿಲೆಯಲ್ಲಿ ಗರ್ಭ ಬೀಳುವುದು ಬರಿ ಹೆಪ್ಪಿನಿಂದಲ್ಲ.

ಘಟ್ಟದಮೇಲಿನ_ಲ್ಯಾಬ್ (ಶಿರಸಿ)

ಲೂಪಸ್ ಆಂಟಿಕೊಯಾಗ್ಯುಲಂಟ್ ಕಳಿಸುವವರು ದಯವಿಟ್ಟು ಗಮನಿಸಿ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್, ಗೆರೆಯ ತನಕ ತುಂಬಿರಬೇಕು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಅರ್ಧ ತುಂಬಿದ ಟ್ಯೂಬಿನಲ್ಲಿ ಸಿಟ್ರೇಟ್ ಹೆಚ್ಚಾಗಿ ಹೆಪ್ಪುಗಟ್ಟುವ ಸಮಯ ಸುಳ್ಳೇ ಉದ್ದವಾಗುತ್ತದೆ. ಎರಡು ಸಲ ಸೆಂಟ್ರಿಫ್ಯೂಜ್ ಮಾಡಬೇಕು. ಪ್ಲೇಟ್‌ಲೆಟ್ ಉಳಿದು ಹೆಪ್ಪುಗಟ್ಟಿಸಿದರೆ ಅದು ಒಡೆದು ಫಾಸ್ಫೋಲಿಪಿಡ್ ಬಿಡುತ್ತದೆ, ಇರುವ ಪ್ರತಿಕಾಯ ಮುಚ್ಚಿಹೋಗಿ ನೆಗೆಟಿವ್ ಬರುತ್ತದೆ. ಹೆಪಾರಿನ್ ಶುರುವಾದ ಮೇಲೆ ರಕ್ತ ತೆಗೆದರೆ ಫಾರ್ಮಿನಲ್ಲಿ ಬರೆಯಿರಿ. ಬರೆಯದೆ ಕಳಿಸಿ ಆಮೇಲೆ ಲ್ಯಾಬಿನವರನ್ನು ಬಯ್ಯಬೇಡಿ.

ಹೊಳೆಸಾಲು (ಕುಮಟಾ)

ಟಾರ್ಚ್? ಅದನ್ನಂತೂ ಎಲ್ಲರೂ ಮಾಡಿಸಿಕೊಂಡೇ ಬರುತ್ತಾರೆ.

ಪ್ರಸೂತಿ_ಕಾರವಾರ

ಮತ್ತೆಮತ್ತೆ ಆಗುವ ಗರ್ಭಪಾತಕ್ಕೆ ಟಾರ್ಚ್ ಬೇಡ. ಐಜಿಜಿ ಎಂಬ ಪ್ರತಿಕಾಯ ಪಾಸಿಟಿವ್ ಅಂದರೆ ಎಂದೋ ಸೋಂಕು ಬಂದು ಹೋಗಿದೆ ಅಥವಾ ಲಸಿಕೆ ಆಗಿದೆ ಎಂದಷ್ಟೇ. ರುಬೆಲ್ಲಾ ಐಜಿಜಿ ಪಾಸಿಟಿವ್ ಬಂದರೆ ಖುಷಿಪಡಬೇಕು. ಅದಕ್ಕೆ ಮಾತ್ರೆ ನುಂಗಿಸುವುದು ಇನ್ನೂ ನಿಂತಿಲ್ಲ ಎಂಬುದೇ ಬೇಸರ.

ಬೇಣ (ಹೊನ್ನಾವರ)

ಸರಿ, ಗರ್ಭಪಾತದ ಮಟ್ಟಿಗೆ ಸೋತೆ. ಆದರೆ ರಕ್ತದಲ್ಲಿ ಅಳೆದು ಉಪಯೋಗಕ್ಕೆ ಬರುವ ಅಣು ಒಂದೂ ಇಲ್ಲವೇ?

ಪ್ರಸೂತಿ_ಕಾರವಾರ

ಇದೆ. ಬಿಪಿ ನಂಜಿಗೆ, ಅಂದರೆ ಪ್ರಿ-ಎಕ್ಲಾಂಪ್ಸಿಯಾಕ್ಕೆ.

ಸುರುಳಿ ನಾಳ ಅಗಲವಾಗದೆ ಪೆಟ್ಟು ತಿಂದ ಮಾಸು, ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ರಕ್ತನಾಳದ ಒಳಗೋಡೆಯನ್ನು ಆರೋಗ್ಯವಾಗಿಡುವ ವಿಇಜಿಎಫ್, ಪಿಎಲ್‌ಜಿಎಫ್ ಎಂಬವನ್ನು ಅದು ದಾರಿಯಲ್ಲೇ ಹಿಡಿದು ಕಟ್ಟಿಹಾಕುತ್ತದೆ. 2003ರಲ್ಲಿ ಇದನ್ನು ಹೆಗ್ಗಣ ಜಾತಿಯ ಪ್ರಯೋಗದ ಇಲಿಗಳಿಗೆ ಕೊಟ್ಟಾಗ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು, ಮೂತ್ರಪಿಂಡದಲ್ಲಿ ಅದೇ ಕಾಯಿಲೆಯ ಚಹರೆ ಕಂಡಿತು. ಟಿಎನ್‌ಎಫ್, ಐಎಲ್-6 ಈ ಕಾಯಿಲೆಯಲ್ಲಿ ಏರುವುದು ನಿಜ, ನಾಳದ ಗೋಡೆಯನ್ನು ಇನ್ನಷ್ಟು ಕೆರಳಿಸುವುದೂ ನಿಜ, ಆದರೆ ಸಾದಾ ನೆಗಡಿಗೂ ಏರುವ ಅಣುವನ್ನು ಹಿಡಿದು ಕಾಯಿಲೆ ಗುರುತಿಸಲಾಗದು. ಎಸ್‌ಎಫ್‌ಎಲ್‌ಟಿ-1 ಮತ್ತು ಪಿಎಲ್‌ಜಿಎಫ್ ಅನುಪಾತ ಹಾಗಲ್ಲ. ಬಿಪಿ ನಂಜಿನ ಅನುಮಾನ ಇರುವವರಲ್ಲಿ ಅದು 38 ಅಥವಾ ಕಡಿಮೆ ಇದ್ದರೆ ಮುಂದಿನ ಒಂದು ವಾರ ಕಾಯಿಲೆ ಬರುವುದಿಲ್ಲ ಎಂದು ನೂರಕ್ಕೆ 99ರ ಭರವಸೆಯಿಂದ ಹೇಳಬಹುದೆಂದು 2016ರಲ್ಲಿ ತೋರಿಸಿದರು. 38 ದಾಟಿದರೆ ಮಾತ್ರ ಅಷ್ಟು ಗಟ್ಟಿಯಾಗಿ ಹೇಳುವಂತಿಲ್ಲ: ಮುಂದಿನ ನಾಲ್ಕು ವಾರದಲ್ಲಿ ಕಾಯಿಲೆ ಬಂದದ್ದು ಅಂಥವರಲ್ಲಿ ನೂರಕ್ಕೆ 37ರಷ್ಟು ಜನರಿಗೆ. ಅಂದರೆ ಇದು ಮನೆಗೆ ಕಳಿಸಲು ಧೈರ್ಯ ಕೊಡುವ ಪರೀಕ್ಷೆ, ಹೆದರಿಸುವ ಪರೀಕ್ಷೆ ಅಲ್ಲ. ದುಬಾರಿ, ಎಲ್ಲೆಡೆ ಸಿಗದು. ಬಿಪಿ ಮೆಷಿನ್ ಎಲ್ಲೆಡೆ ಸಿಗುತ್ತದೆ.

ಆದ್ದರಿಂದ ಬಿಪಿ ಸರಿಯಾಗಿ ನೋಡಿ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ, ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕೆ. ಬಿಸಿಲಲ್ಲಿ ದಿಬ್ಬ ಹತ್ತಿ ಬಂದವರ ಬಿಪಿಯನ್ನು ಬಾಗಿಲಲ್ಲೇ ನೋಡಬೇಡಿ. ಅರ್ಧ ತಾಸಿನೊಳಗೆ ಚಾ ಕುಡಿದಿದ್ದರೂ ಕಾಯಿರಿ. ಮೊದಲ ಭೇಟಿಯಲ್ಲಿ ಎರಡೂ ತೋಳು. 20 ವಾರದ ಮೇಲೆ 140/90 ಅಥವಾ ಹೆಚ್ಚು, ನಾಲ್ಕು ತಾಸು ಬಿಟ್ಟು ಮತ್ತೊಮ್ಮೆ ಅಷ್ಟೇ ಬಂದರೆ ಅದು ಬಿಪಿಯೇ. 160/110 ಬಂದರೆ ನಾಲ್ಕು ತಾಸು ಕಾಯುವ ಮಾತೇ ಇಲ್ಲ, 15 ನಿಮಿಷದಲ್ಲಿ ಇನ್ನೊಮ್ಮೆ ನೋಡಿ ಮದ್ದು ಶುರು ಮಾಡಿ: ನಿಫೆಡಿಪಿನ್ 10 ಮಿ.ಗ್ರಾಂ ನುಂಗಲು ಕೊಡಿ, ನಾಲಿಗೆ ಅಡಿ ಇಡಬೇಡಿ, ಧಡಕ್ಕನೆ ಬಿಪಿ ಇಳಿದು ಮಗುವಿಗೆ ರಕ್ತ ಕಡಿಮೆಯಾಗುತ್ತದೆ.

ತಡೆಯಲು ಆಸ್ಪಿರಿನ್. 2017ರ ಆಸ್ಪ್ರೆ ಟ್ರಯಲ್‌ನಲ್ಲಿ ಹೆಚ್ಚು ಅಪಾಯದವರಿಗೆ 11–14ನೇ ವಾರದಿಂದ 36ನೇ ವಾರದ ತನಕ ರಾತ್ರಿ 150 ಮಿ.ಗ್ರಾಂ ಕೊಟ್ಟರು. 37 ವಾರಕ್ಕೆ ಮೊದಲು ಹೆರಿಗೆ ಮಾಡಿಸಬೇಕಾಗುವ ತರದ ಬಿಪಿ ನಂಜು ನೂರಕ್ಕೆ 4.3 ಇದ್ದದ್ದು 1.6ಕ್ಕೆ ಇಳಿಯಿತು. ದಿನ ತುಂಬಿದ ಮೇಲೆ ಬರುವ ಬಿಪಿ ನಂಜು ಕಡಿಮೆಯಾಗಲಿಲ್ಲ. 16 ವಾರದೊಳಗೆ ಶುರು ಮಾಡಿದರೆ ಮಾತ್ರ ಪೂರ್ತಿ ಲಾಭ, ಕಾರಣ ಮಾಸ್ತರ್ರು ಹೇಳಿದ ಕಾಲುವೆಯ ಬಾಯಿ ತೆರೆಯುವ ಕಾಲ ಅದೇ. ಏಳನೇ ತಿಂಗಳಲ್ಲಿ ಹೆಸರು ಬರೆಸಲು ಬಂದವರಿಗೆ ಕೊಟ್ಟು ಹೆಚ್ಚು ಗಿಟ್ಟದು. ಯಾರಿಗೆ? ಹಿಂದಿನ ಬಸುರಿನಲ್ಲಿ ಬಿಪಿ ಬಂದವರು, ಮೊದಲಿನಿಂದ ಬಿಪಿ, ಸಕ್ಕರೆ, ಮೂತ್ರಪಿಂಡದ ಕಾಯಿಲೆ, ಲೂಪಸ್ ಇರುವವರು, ಅವಳಿ ಇರುವವರು. ಚೊಚ್ಚಲು, ವಯಸ್ಸು, ದಪ್ಪ, ತಾಯಿಗೋ ಅಕ್ಕತಂಗಿಗೋ ಇದ್ದದ್ದು, ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರೂ ವೈದ್ಯರು ಕೊಡುತ್ತಾರೆ.

ಕ್ಯಾಲ್ಸಿಯಂ 500 ಮಿ.ಗ್ರಾಂ ದಿನಕ್ಕೆ ಎರಡು ಸಲ, 14ನೇ ವಾರದಿಂದ. ಕಬ್ಬಿಣದ ಮಾತ್ರೆಯ ಜೊತೆ ನುಂಗಬಾರದು, ಎರಡು ತಾಸಿನ ಅಂತರ ಬೇಕು. ಜೊತೆಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತದು.

ಹೊಳೆಸಾಲು (ಕುಮಟಾ)

ಮಳೆಗಾಲದ ಮಾತು ಹೇಳಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ದೇವಿಮನೆ ಘಟ್ಟವೂ ಮಳೆಗಾಲದಲ್ಲಿ ನಂಬಿಕೆಯದ್ದಲ್ಲ. ಬಿಪಿ ಏರಿ ತಲೆನೋವು, ಕಣ್ಣು ಮಂಜು ಇರುವವರನ್ನು ಕಳಿಸುವ ಮೊದಲು ನಮ್ಮ ಕೈಲಿ ಏನು?

ಪ್ರಸೂತಿ_ಕಾರವಾರ

ಫಿಟ್ಸ್ ತಡೆಯುವ ಮ್ಯಾಗ್ನೀಸಿಯಂ ಸಲ್ಫೇಟ್ ಮೊದಲ ಡೋಸ್ ಕೊಟ್ಟೇ ಕಳಿಸಿ. ನಮ್ಮಲ್ಲಿ ಬರುವ ಆಂಪ್ಯೂಲ್ 50%, 2 ಮಿ.ಲೀ., ಒಂದರಲ್ಲಿ 1 ಗ್ರಾಂ. ಒಂದೊಂದು ಪೃಷ್ಠಕ್ಕೆ 5 ಗ್ರಾಂ, ಅಂದರೆ ಐದು ಆಂಪ್ಯೂಲ್, 10 ಮಿ.ಲೀ. ಸಿರಿಂಜ್, 22 ಗೇಜ್ ಉದ್ದ ಸೂಜಿ, ಸ್ನಾಯುವಿನ ಆಳಕ್ಕೆ. ಎರಡೂ ಕಡೆ ಸೇರಿ ಹತ್ತು ಆಂಪ್ಯೂಲ್. ಟ್ರೇಯಲ್ಲಿ ನಾಲ್ಕೇ ಆಂಪ್ಯೂಲ್ ಇಟ್ಟುಕೊಂಡು "ಸ್ಟಾಕ್ ಇದೆ" ಎನ್ನಬೇಡಿ. ಕೊಟ್ಟ ಸಮಯವನ್ನು ರೆಫರಲ್ ಚೀಟಿಯಲ್ಲಿ ದೊಡ್ಡದಾಗಿ ಬರೆಯಿರಿ, ಇಲ್ಲದಿದ್ದರೆ ಮುಂದಿನ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಪೂರ್ತಿ ಡೋಸ್ ಬೀಳುತ್ತದೆ.

ಆಸ್ಪತ್ರೆಯಲ್ಲಿ ಇದರ ಜೊತೆ 4 ಗ್ರಾಂ ನರಕ್ಕೆ: 8 ಮಿ.ಲೀ. ಮದ್ದಿಗೆ 12 ಮಿ.ಲೀ. ನೀರು ಬೆರೆಸಿ 20% ಮಾಡಿ, ನಿಧಾನವಾಗಿ. 50%ದ್ದನ್ನು ನೇರ ನರಕ್ಕೆ ಕೊಡಬಾರದು. ಮುಂದಿನ ಪ್ರತಿ ಡೋಸಿಗೂ ಮೊದಲು ಮೂರು ನೋಡಬೇಕು: ಮೊಣಕಾಲಿನ ಜಿಗಿತ ಇದೆಯೇ, ಉಸಿರು ನಿಮಿಷಕ್ಕೆ 16 ಅಥವಾ ಹೆಚ್ಚು ಇದೆಯೇ, ಮೂತ್ರ ತಾಸಿಗೆ 30 ಮಿ.ಲೀ. ಬರುತ್ತಿದೆಯೇ. ಜಿಗಿತ ಹೋದರೆ ಮದ್ದು ನಿಲ್ಲಿಸಿ. ಉಸಿರು ಕುಂದಿದರೆ ಕ್ಯಾಲ್ಸಿಯಂ ಗ್ಲೂಕೊನೇಟ್ 10%, 10 ಮಿ.ಲೀ., ನರಕ್ಕೆ ನಿಧಾನ. ಅದು ಟ್ರೇಯಲ್ಲಿ ಪಕ್ಕದಲ್ಲೇ ಇರಬೇಕು.

34 ವಾರದೊಳಗಿದ್ದು ಹೆರಿಗೆ ಆಗುವ ಸೂಚನೆ ಇದ್ದರೆ, ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ ಸ್ನಾಯುವಿಗೆ ಕೊಟ್ಟು ಕಳಿಸಿ, 4 ಮಿ.ಗ್ರಾಂ/ಮಿ.ಲೀ. ವಯಲ್ ಆದರೆ 1.5 ಮಿ.ಲೀ. 12 ತಾಸಿಗೊಂದರಂತೆ ಒಟ್ಟು ನಾಲ್ಕು.

ಮಾಸು_ಪಾಠ (ಕಾರವಾರ)

ದಿನ ತುಂಬುವ ಮೊದಲಿನ ಹೆರಿಗೆಯ ಮಾತು ಬಂತು. ಸೈಟೊಕೈನ್ ನೇರವಾಗಿ ಆರೋಪಿಯಾಗುವುದು ಇಲ್ಲಿಯೇ. ಯೋನಿಯಿಂದ ಬ್ಯಾಕ್ಟೀರಿಯಾ ಮೇಲೇರಿ ಗರ್ಭಜಲ ಸೇರಿದರೆ, ಪೊರೆಯ ಕೋಶಗಳು ಐಎಲ್-1-ಬೀಟಾ, ಟಿಎನ್‌ಎಫ್ ಬಿಡುತ್ತವೆ. ಅವು ಪ್ರೊಸ್ಟಾಗ್ಲ್ಯಾಂಡಿನ್ ಎಬ್ಬಿಸಿ ನೋವು ತರುತ್ತವೆ, ಎಂಎಂಪಿ ಎಂಬ ಕಿಣ್ವಗಳನ್ನು ಎಬ್ಬಿಸಿ ಪೊರೆಯ ಕೊಲಾಜನ್ ಕರಗಿಸುತ್ತವೆ, ನೀರು ಹೋಗುತ್ತದೆ. ಮಗುವೂ ಸುಮ್ಮನಿರುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಐಎಲ್-6 ಮಿ.ಲೀ.ಗೆ 11 ಪಿಕೋಗ್ರಾಂ ದಾಟಿದರೆ ಅದಕ್ಕೆ ಭ್ರೂಣದ ಉರಿಯೂತ ಪ್ರತಿಕ್ರಿಯೆ ಎಂದು 1998ರಲ್ಲಿ ಹೆಸರಿಟ್ಟರು. ಇಂಥ ಮಕ್ಕಳಲ್ಲಿ ಮಿದುಳಿನ ಬಿಳಿ ಭಾಗಕ್ಕೆ, ಶ್ವಾಸಕೋಶಕ್ಕೆ ಪೆಟ್ಟಾಗುವ ಸಂಭವ ಹೆಚ್ಚು. ತಾಯಿಗೆ ಜ್ವರವೇ ಇಲ್ಲದೆಯೂ ಇದು ನಡೆಯಬಹುದು.

ಪ್ರಸೂತಿ_ಕಾರವಾರ

ಊರಿನಲ್ಲಿ ಮಾಡಬಹುದಾದದ್ದು: ಮೊದಲ ಭೇಟಿಯಲ್ಲೇ ಮೂತ್ರದ ಕಲ್ಚರ್. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದ್ದನ್ನು ಹಿಡಿಯಬೇಕು. ಎರಡು ತಾಸಿನಲ್ಲಿ ಲ್ಯಾಬ್ ಮುಟ್ಟದಿದ್ದರೆ ಫ್ರಿಜ್. ಉರಿ ಇಲ್ಲದಿದ್ದರೂ ಮಿ.ಲೀ.ಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಚಿಕಿತ್ಸೆ ಬೇಕು. ದಿನ ತುಂಬುವ ಮೊದಲೇ, ನೋವಿಲ್ಲದೆ ನೀರು ಹೋದರೆ ಎರಿಥ್ರೊಮೈಸಿನ್ 250 ಮಿ.ಗ್ರಾಂ ದಿನಕ್ಕೆ ನಾಲ್ಕು, ಹತ್ತು ದಿನ. ಕೋ-ಅಮಾಕ್ಸಿಕ್ಲಾವ್ ಬೇಡ, ಮಗುವಿನ ಕರುಳು ಕೊಳೆಯುವ ಕಾಯಿಲೆ ಹೆಚ್ಚಾದದ್ದು 2001ರಲ್ಲೇ ಗೊತ್ತಾಗಿದೆ. ಕೈ ಹಾಕಿ ಪದೇ ಪದೇ ಪರೀಕ್ಷಿಸಬೇಡಿ.

ಜ್ವರದ ವಿಷಯದಲ್ಲಿ ನಮ್ಮ ಜಿಲ್ಲೆಗೆ ಎರಡು ಎಚ್ಚರಿಕೆ. ಗದ್ದೆ ಕೆಲಸದ ದಿನಗಳಲ್ಲಿ ಇಲಿಜ್ವರಕ್ಕೆ ಮುಂಜಾಗ್ರತೆಯೆಂದು ಹಂಚುವ ಡಾಕ್ಸಿಸೈಕ್ಲಿನ್ ಬಸುರಿಯರಿಗಲ್ಲ. ಎರಡನೆಯದು, ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರಿಗೆ ಡೆಂಗಿ ಅಥವಾ, ಸಿದ್ದಾಪುರದ ಕಡೆಯಾದರೆ, ಮಂಗನ ಕಾಯಿಲೆಯ ಅನುಮಾನ ಬಂದರೆ ಮಾತ್ರೆ ಅವತ್ತೇ ನಿಲ್ಲಿಸಿ ಪ್ಲೇಟ್‌ಲೆಟ್ ನೋಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಬ್ರೂಫೆನ್ ಜಾತಿಯವು 20 ವಾರದ ಮೇಲೆ ಬೇಡ.

ಅಡಿಗೆಮನೆ_ಅಂಕೋಲಾ

ನಂಜಿನ ಪ್ರಶ್ನೆಗೆ ಯಾರೂ ಬರಲಿಲ್ಲವಲ್ಲ. ಊರಿನ "ನಂಜು" ಎಂಬ ಮಾತಿಗೂ ಉರಿಯೂತಕ್ಕೂ ದೂರದ ನೆಂಟಸ್ತನ ಇದೆ: ಬಾವು, ಕೀವು, ತುರಿಕೆ ಎಲ್ಲ ಆ ಒಂದು ಮಾತಿನಲ್ಲಿ ಸೇರುತ್ತವೆ. ಆದರೆ ಪಟ್ಟಿಗೆ ಸೇರಿಸಿದ ಮೀನೇ ತಪ್ಪು. ಬಂಗುಡೆ, ತಾರ್ಲೆಯಲ್ಲಿರುವ ಒಮೆಗಾ-3 ಉರಿಯೂತ ತಗ್ಗಿಸುವ ಕಡೆಯದು. 2018ರ ಕಾಕ್ರೇನ್ ವಿಮರ್ಶೆ 70 ಟ್ರಯಲ್ ಕೂಡಿಸಿ ನೋಡಿದಾಗ 34 ವಾರಕ್ಕೆ ಮೊದಲಿನ ಹೆರಿಗೆ ನೂರಕ್ಕೆ 4.6ರಿಂದ 2.7ಕ್ಕೆ ಇಳಿದಿತ್ತು. ಮರುವರ್ಷವೇ ಬಂದ ದೊಡ್ಡ ಟ್ರಯಲ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಮೀನೆಣ್ಣೆ ಗುಳಿಗೆಯನ್ನು ಎಲ್ಲರಿಗೂ ಬರೆಯಿರಿ ಎನ್ನುವುದಿಲ್ಲ. ತಟ್ಟೆಯಲ್ಲಿರುವ ಮೀನು ಕಸಿಯಬೇಡಿ ಎನ್ನುತ್ತೇನೆ. ವಾರಕ್ಕೆ ಎರಡು-ಮೂರು ಸಲ ಸಣ್ಣ ಮೀನು. ಮೋರಿಯಂಥ (ಶಾರ್ಕ್) ದೊಡ್ಡ ಬೇಟೆ ಮೀನು ಬೇಡ, ಪಾದರಸ ಕೂಡಿಕೊಂಡಿರುತ್ತದೆ. ಬಳಚು (ಚಿಪ್ಪುಮೀನು) ಬಾಯಿ ಬಿಡುವ ತನಕ ಚೆನ್ನಾಗಿ ಬೇಯಲಿ, ಬಾಯಿ ಬಿಡದ್ದನ್ನು ಎಸೆಯಿರಿ.

ಉಪ್ಪು ಪೂರ್ತಿ ಬಿಡಿಸಿ ಬಿಪಿ ನಂಜು ತಡೆಯಬಹುದು ಎಂಬುದೂ ಆಧಾರವಿಲ್ಲದ್ದು. ಘಟ್ಟದ ಮೇಲಿನವರಿಗೆ ಹೇಳಬೇಕಾದದ್ದು ಕವಳದ (ಎಲೆ-ಅಡಿಕೆಯ) ಬಗ್ಗೆ. ಬಸುರಿನಲ್ಲಿ ಅಡಿಕೆ ಜಗಿಯುವವರ ಮಕ್ಕಳ ತೂಕ ಕಡಿಮೆ ಇರುವುದು ಕಂಡುಬಂದಿದೆ, ಹೊಗೆಸೊಪ್ಪು ಸೇರಿದರೆ ಇನ್ನೂ ಕೆಟ್ಟದ್ದು. ವಾಕರಿಕೆಗೆಂದು ಶುರುವಾದ ಕವಳ ಒಂಬತ್ತು ತಿಂಗಳೂ ನಡೆಯುತ್ತದೆ.

ಬೇಣ (ಹೊನ್ನಾವರ)

ವಸಡಿನ ರೋಗ? ಅದರಿಂದಲೂ ಸೈಟೊಕೈನ್ ಏರಿ ಬೇಗ ಹೆರಿಗೆ ಆಗುತ್ತದೆ ಎನ್ನುತ್ತಾರೆ.

ಮಾಸು_ಪಾಠ (ಕಾರವಾರ)

ನಂಟು ಇದೆ. ಆದರೆ 2006ರ ಟ್ರಯಲ್‌ನಲ್ಲಿ ಬಸುರಿನಲ್ಲೇ ವಸಡು ಶುಚಿ ಮಾಡಿಸಿದರೂ ಬೇಗ ಹೆರಿಗೆ ತಗ್ಗಲಿಲ್ಲ. ಹಲ್ಲಿನ ಚಿಕಿತ್ಸೆ ಸುರಕ್ಷಿತ ಎಂಬುದು ಮಾತ್ರ ಸಾಬೀತಾಯಿತು, ಹಲ್ಲಿಗಾಗಿಯೇ ಮಾಡಿಸಿಕೊಳ್ಳಲಿ.

ಪ್ರಸೂತಿ_ಕಾರವಾರ

ಟಿಎನ್‌ಎಫ್ ಮಾತು ಮುಗಿಸುವ ಮೊದಲು ಒಂದು, ಇದು ಹೆರಿಗೆ ವಾರ್ಡಿನ ಗೋಡೆಗೆ ಅಂಟಿಸುವಂಥದ್ದು. ಸಂಧಿವಾತಕ್ಕೋ ಕರುಳಿನ ಕಾಯಿಲೆಗೋ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮ್ಯುಮ್ಯಾಬ್ ಎಂಬ ಟಿಎನ್‌ಎಫ್ ತಡೆಮದ್ದು ತೆಗೆದುಕೊಳ್ಳುವ ತಾಯಂದಿರು ಈಗ ಇದ್ದಾರೆ. ಕೊನೆಯ ಮೂರು ತಿಂಗಳಲ್ಲಿ ಅವು ಮಾಸು ದಾಟಿ ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಅಂಥ ಮಗುವಿಗೆ ಹುಟ್ಟಿದ ದಿನವೇ ಬಿಸಿಜಿ ಹಾಕಬಾರದು, ಕನಿಷ್ಠ ಆರು ತಿಂಗಳು, ಇನ್‌ಫ್ಲಿಕ್ಸಿಮ್ಯಾಬ್ ಆಗಿದ್ದರೆ ಹನ್ನೆರಡು ತಿಂಗಳು ಕಾಯಬೇಕು. ಬಿಸಿಜಿ ಜೀವಂತ ಲಸಿಕೆ, ಅದನ್ನು ಅಂಕೆಯಲ್ಲಿಡಲು ಬೇಕಾದ ಟಿಎನ್‌ಎಫ್ ಮಗುವಿನಲ್ಲಿ ಕಟ್ಟಿಹೋಗಿರುತ್ತದೆ. ರೋಟಾವೈರಸ್ ಹನಿಗೂ ಮೊದಲು ಮಕ್ಕಳ ವೈದ್ಯರನ್ನು ಕೇಳಿ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಬರೆದಿಡಿ. ಅದೇ ಜಾತಿಯ ಸರ್ಟೊಲಿಜುಮ್ಯಾಬ್ ಮಾತ್ರ ಮಾಸು ದಾಟುವುದು ತೀರ ಅತ್ಯಲ್ಪ.

ಹೊಳೆಸಾಲು (ಕುಮಟಾ)

ಎಲ್ಲರಿಗೂ ಉಪಕಾರ. ಇದರಿಂದ ಒಂದು ಹಾಳೆ ಮಾಡಿ ನಮ್ಮ ಆಶಾ ಅಕ್ಕಂದಿರಿಗೆ ಕೊಡುತ್ತೇನೆ. ಕಡೆಯ ಪ್ರಶ್ನೆ: ಬಿಪಿ ಪಟ್ಟಿ ನಮ್ಮಲ್ಲಿ ಒಂದೇ ಅಳತೆಯದ್ದು. ದಪ್ಪ ತೋಳಿನವರಿಗೂ ಅದೇ ಸಾಕೇ?

ಘಟ್ಟದಮೇಲಿನ_ಲ್ಯಾಬ್ (ಶಿರಸಿ)

ಸಾಲದು ಅಕ್ಕ. ಭುಜ–ಮೊಣಕೈ ನಡುವಿನ ಜಾಗದಲ್ಲಿ ಟೇಪು ಸುತ್ತಿ ನೋಡಿ. ಮಾಮೂಲು ಪಟ್ಟಿಗಳ ಮೇಲೆ ಹೆಚ್ಚಾಗಿ 22–32 ಸೆ.ಮೀ. ಎಂದು ಅಚ್ಚಾಗಿರುತ್ತದೆ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ತೀರ ತೆಳ್ಳಗಿನ ತೋಳಿಗೆ ಕಡಿಮೆ. ದೊಡ್ಡ ಪಟ್ಟಿಯನ್ನು ಬೇರೆಯಾಗಿ ತರಿಸಬಹುದು, ಮೆಷಿನ್‌ನ ಮಾದರಿ ಸಂಖ್ಯೆ ನೋಡಿಯೇ ತರಿಸಿ, ಕೊಳವೆಯ ಬಾಯಿ ಹೊಂದಬೇಕು.